ಉಪ್ಪಿನ ಬಯಲಲ್ಲಿ ಓಡಿದ ‘ಇಂಡಿಯನ್’

‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’ ಎಂಬ ಹೆಸರು ಕೇಳಿದೊಡನೆ ನಮ್ಮವರಿಗೆ ಮಿಲ್ಖಾ ಸಿಂಗ್ ಅಥವಾ ಪಿ.ಟಿ. ಉಷಾ ನೆನಪಾದರೆ ಆಶ್ಚರ್ಯವಿಲ್ಲ. ‘ಜಗತ್ತಿನ ಅತಿ ವೇಗದ ಭಾರತೀಯ’ ಯಾರಿರಬಹುದು ಎಂಬ ಕುತೂಹಲದಿಂದ ಈ ಚಿತ್ರ ನೋಡಲು ಕುಳಿತವರಿಗೆ ಮೊದಲ ಹತ್ತು ನಿಮಿಷದಲ್ಲೇ ನಿರಾಸೆ. 2005ರ ಈ ಇಂಗ್ಲಿಷ್ ಚಿತ್ರದ ನಾಯಕ ಭಾರತೀಯನಲ್ಲ. ಅಮೆರಿಕದ ಮೂಲನಿವಾಸಿಯೂ ಅಲ್ಲ. ನ್ಯೂಜಿಲೆಂಡ್‌ನ ದಕ್ಷಿಣ ತುದಿಯ ಊರೊಂದರ ಶೆಡ್ಡಿನಲ್ಲಿ ಒಂಟಿಯಾಗಿ ಬದುಕುವ, ಕಿವಿ ಮಂದವಾದ, ಎದೆನೋವಿನ ಮುದುಕ ಆತ. ಹೆಸರು ಬರ್ಟ್ ಮನ್ರೋ. ‘ಇಂಡಿಯನ್’ ಎಂಬುದು ಆತನ ಮೋಟಾರ್‌ಸೈಕಲ್ಲಿನ ಹೆಸರು.

ನಿರಾಸೆಗೊಂಡು ಎದ್ದು ಹೋಗದೆ ಕುಳಿತವರು ಮಾತ್ರ ಒಂದು ಅಪರೂಪದ ಕಥೆಯನ್ನು ಕಂಡರು. ಆ ಕಥೆಯಲ್ಲಿ ನಿಜವೆಷ್ಟು, ಸಿನಿಮಾ ಎಷ್ಟು ಎಂದು ಕೆದಕಿ ನೋಡಿದರೆ ನಿಜವೇ ಹೆಚ್ಚು ವಿಚಿತ್ರವಾಗಿದೆ ಎನ್ನದೆ ವಿಧಿಯಿಲ್ಲ.

ಮೊದಲು ಹೆಸರಿನ ಗೊಂದಲ ಬಗೆಹರಿಯಲಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜಾರ್ಜ್ ಹೆಂಡಿ ಮತ್ತು ಆಸ್ಕರ್ ಹೆಡ್‌ಸ್ಟ್ರಾಮ್ ಎಂಬಿಬ್ಬರು 1901ರಲ್ಲಿ ಮೋಟಾರ್‌ಸೈಕಲ್ ತಯಾರಿಕೆಗೆ ಕೈಹಾಕಿದರು. ಸರಕು ಅಪ್ಪಟ ಅಮೆರಿಕದ್ದು ಎಂದು ಸಾರಲು ಅದಕ್ಕೆ ‘ಇಂಡಿಯನ್’ ಎಂದು ಹೆಸರಿಟ್ಟರು. ಗರಿಗಳ ಕಿರೀಟ ತೊಟ್ಟ ಮೂಲನಿವಾಸಿಯ ಮುಖ ಅದರ ಗುರುತಾಯಿತು. ಕೊಲಂಬಸ್ ಮಾಡಿದ ತಪ್ಪು ಹೀಗೆ ಪೆಟ್ರೋಲ್ ಟ್ಯಾಂಕಿನ ಮೇಲೂ ಅಚ್ಚಾಯಿತೆನ್ನಿ. 1911ರ ಐಲ್ ಆಫ್ ಮ್ಯಾನ್ ಸ್ಪರ್ಧೆಯಲ್ಲಿ ಮೊದಲ ಮೂರೂ ಸ್ಥಾನಗಳನ್ನು ಗೆದ್ದು ಬ್ರಿಟಿಷರನ್ನು ಅವರ ನೆಲದಲ್ಲೇ ಈ ಬಂಡಿ ಬೆರಗುಗೊಳಿಸಿತ್ತು. ಅಂದು ಎರಡನೆಯವನಾಗಿ ಗುರಿ ಮುಟ್ಟಿದ ಐರಿಷ್ ಎಂಜಿನಿಯರ್ ಚಾರ್ಲ್ಸ್ ಫ್ರಾಂಕ್ಲಿನ್ ಮುಂದೆ ಅದೇ ಕಂಪೆನಿ ಸೇರಿ ‘ಸ್ಕೌಟ್’ ಎಂಬ ಮಾದರಿಯನ್ನು ರೂಪಿಸಿದ. 1920ರಲ್ಲಿ ಮಾರುಕಟ್ಟೆಗೆ ಬಂದ ಇದಕ್ಕೆ ಇಂಗ್ಲಿಷ್ ‘ವಿ’ ಅಕ್ಷರದಂತೆ ಕೂಡಿಸಿದ ಎರಡು ಸಿಲಿಂಡರು, 600 ಸಿ.ಸಿ. ಎಂಜಿನು. ಕಾರ್ಖಾನೆಯಿಂದ ಹೊರಬಂದಾಗ ಅದರ ಗರಿಷ್ಠ ವೇಗ ಗಂಟೆಗೆ 55 ಮೈಲಿ, ಅಂದರೆ ಸುಮಾರು 89 ಕಿಲೋಮೀಟರ್. ಈ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಉಪ್ಪಿನ ಬಯಲು. ಅಮೆರಿಕದ ಯೂಟಾ ರಾಜ್ಯದಲ್ಲಿ, ಸಾಲ್ಟ್ ಲೇಕ್ ಸಿಟಿಯಿಂದ ಪಶ್ಚಿಮಕ್ಕೆ ನೂರು ಮೈಲಿಗೂ ಹೆಚ್ಚು ದೂರ ಸಾಗಿದರೆ ನೆವಾಡಾದ ಗಡಿಯ ಬಳಿ ವೆಂಡೋವರ್ ಎಂಬ ಪುಟ್ಟ ಊರು ಸಿಗುತ್ತದೆ. ಅದರ ಪಕ್ಕದಲ್ಲಿ ಸುಮಾರು 30 ಸಾವಿರ ಎಕರೆಯಷ್ಟು ಬಿಳಿ ನೆಲ ಹರಡಿಕೊಂಡಿದೆ. ಅದೇ ಬಾನ್‌ವಿಲ್. ಮರವಿಲ್ಲ, ಕಲ್ಲಿಲ್ಲ, ಹುಲ್ಲುಕಡ್ಡಿಯೂ ಇಲ್ಲ. ಹಿಮಯುಗದಲ್ಲಿ ಇಲ್ಲಿ ಸಾವಿರ ಅಡಿಗೂ ಮೀರಿದ ಆಳದ ಸರೋವರವಿತ್ತು. ಅದು ಬತ್ತುತ್ತ ಹೋದಂತೆ ನೀರಿನಲ್ಲಿದ್ದ ಲವಣವೆಲ್ಲ ತಳದಲ್ಲಿ ಉಳಿಯಿತು. ಬಹುಪಾಲು ನಾವು ಅಡುಗೆಗೆ ಬಳಸುವ ಉಪ್ಪೇ. ಈಗಲೂ ಪ್ರತಿ ಚಳಿಗಾಲದಲ್ಲಿ ಬಯಲಿನ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಗಾಳಿ ಆ ನೀರನ್ನು ಅತ್ತಿಂದಿತ್ತ ತಳ್ಳುತ್ತ, ಹಿಂದಿನ ವರ್ಷದ ಉಬ್ಬುತಗ್ಗುಗಳನ್ನು ಅಳಿಸಿಹಾಕುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾದಾಗ ಉಳಿಯುವುದು ಕಾಂಕ್ರೀಟಿನಂತೆ ಗಟ್ಟಿಯಾದ ಮಟ್ಟಸ ಹಾಸು. ಯಾವ ಗುತ್ತಿಗೆದಾರನೂ ಇಷ್ಟು ಸಮತಟ್ಟಾದ ರಸ್ತೆ ಹಾಕಿಕೊಟ್ಟ ಉದಾಹರಣೆ ಇಲ್ಲ!

ಬಯಲಿಗೆ ಹೆಸರು ಕೊಟ್ಟ ಕ್ಯಾಪ್ಟನ್ ಬೆಂಜಮಿನ್ ಬಾನ್‌ವಿಲ್ 1830ರ ದಶಕದಲ್ಲಿ ಅಮೆರಿಕದ ಪಶ್ಚಿಮವನ್ನು ಸುತ್ತಿದ ಸೈನ್ಯಾಧಿಕಾರಿ. ಆತ ಈ ಬಯಲನ್ನು ಕಣ್ಣಾರೆ ಕಂಡಿದ್ದೇ ಅನುಮಾನ. ಕಂಡವರಿಗೆ ಅದು ಸುಖದ ದಾರಿಯೂ ಆಗಿರಲಿಲ್ಲ. 1846ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಗಾಡಿಗಳಲ್ಲಿ ಹೊರಟ ಡಾನರ್ ತಂಡ ಹತ್ತಿರದ ದಾರಿಯೆಂದು ಈ ಮರುಭೂಮಿಗೆ ಇಳಿದು, ಎತ್ತುಗಳನ್ನೂ ದಿನಗಳನ್ನೂ ಕಳೆದುಕೊಂಡಿತು. ಆ ವಿಳಂಬದಿಂದಾಗಿ ಮುಂದೆ ಹಿಮದಲ್ಲಿ ಸಿಕ್ಕಿ ಅರ್ಧದಷ್ಟು ಮಂದಿ ಪ್ರಾಣಬಿಟ್ಟರು. ಗಾಡಿಗಳ ಚಕ್ರ ಹೂತುಹೋದ ನೆಲದ ಸೆರಗಿನಲ್ಲೇ ಶತಮಾನ ಕಳೆಯುವುದರೊಳಗೆ ಜಗತ್ತಿನ ಅತಿ ವೇಗದ ಚಕ್ರಗಳು ಉರುಳಿದ್ದು ಚರಿತ್ರೆಯ ಕುಚೋದ್ಯ.

ಆ ಮೊದಲು ವೇಗದ ದಾಖಲೆಗಳಿಗೆ ಸಮುದ್ರತೀರದ ಮರಳೇ ಗತಿಯಾಗಿತ್ತು. ಫ್ಲಾರಿಡಾದ ಡೇಟೋನಾ ತೀರ ಅದಕ್ಕೆ ಹೆಸರುವಾಸಿ. ಆದರೆ ಮರಳಿನ ಮೇಲೆ ಉಬ್ಬರವಿಳಿತದ ಕಾಟ. ಬ್ರಿಟನ್ನಿನ ಮಾಲ್ಕಂ ಕ್ಯಾಂಪ್‌ಬೆಲ್ 1935ರಲ್ಲಿ ಡೇಟೋನಾ ತೊರೆದು ಬಾನ್‌ವಿಲ್‌ಗೆ ಬಂದ. ಆ ವರ್ಷದ ಸೆಪ್ಟೆಂಬರ್ 3ರಂದು ‘ಬ್ಲೂಬರ್ಡ್’ ಕಾರಿನಲ್ಲಿ ಗಂಟೆಗೆ 301 ಮೈಲಿ ವೇಗ ಮುಟ್ಟಿ, ನೆಲದ ಮೇಲೆ 300ರ ಗಡಿ ದಾಟಿದ ಮೊದಲಿಗನಾದ. ಅಲ್ಲಿಂದ ಮುಂದೆ ಮೂರೂವರೆ ದಶಕ ಬಾನ್‌ವಿಲ್ಲೇ ವೇಗದ ಕಾಶಿ. 1949ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹವ್ಯಾಸಿಗಳ ಸಂಘವೊಂದು ಇಲ್ಲಿ ‘ಸ್ಪೀಡ್ ವೀಕ್’ ಎಂಬ ವಾರ್ಷಿಕ ಜಾತ್ರೆಯನ್ನು ಆರಂಭಿಸಿತು. ಜಾತ್ರೆ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಡೇರೆ ಹೊಡೆದು, ಉಪ್ಪಿನ ಮೇಲೆ ಎಣ್ಣೆ ಸೋರದಂತೆ ಟಾರ್ಪಾಲು ಹಾಸಿ, ಸ್ಪ್ಯಾನರು ಹಿಡಿದು ಕೂತವರಲ್ಲಿ ಹೆಚ್ಚಿನವರು ಕೈಯಿಂದಲೇ ಹಣ ಹಾಕಿಕೊಂಡು ಬಂದವರು. ಗೆದ್ದವರಿಗೆ ಸಿಗುವುದು ದಾಖಲೆ ಪುಸ್ತಕದಲ್ಲಿ ಒಂದು ಸಾಲು, ಅಷ್ಟೇ.

ಈ ಸ್ಪರ್ಧೆ ಸಾಮಾನ್ಯ ರೇಸಿನಂತಲ್ಲ ಎಂಬುದನ್ನು ಗಮನಿಸಬೇಕು. ಪಕ್ಕದಲ್ಲಿ ಎದುರಾಳಿಯಿಲ್ಲ, ತಿರುವಿಲ್ಲ. ಉಪ್ಪಿನ ಮೇಲೆ ಎಳೆದ ಕಪ್ಪು ಗೆರೆಯೇ ದಾರಿ. ಕೆಲವು ಮೈಲಿ ಓಡಿ ವೇಗ ಕೂಡಿಸಿಕೊಂಡು, ನಡುವಿನ ಅಳತೆ ಮಾಡಿದ ಮೈಲಿಯನ್ನು ಎಷ್ಟು ಸೆಕೆಂಡಿನಲ್ಲಿ ದಾಟಿದ ಎಂಬುದಷ್ಟೇ ಲೆಕ್ಕ. ಒಮ್ಮೆ ಓಡಿದರೆ ಸಾಲದು. ಗಾಳಿ ಬೆನ್ನ ಹಿಂದಿನಿಂದ ತಳ್ಳಿ ನೆರವಾಗಿರಬಹುದಲ್ಲ? ಆದ್ದರಿಂದ ಅಂತರರಾಷ್ಟ್ರೀಯ ನಿಯಮದಂತೆ ನಿಗದಿತ ಅವಧಿಯೊಳಗೆ ವಿರುದ್ಧ ದಿಕ್ಕಿನಲ್ಲಿ ಮತ್ತೊಮ್ಮೆ ಓಡಬೇಕು. ಎರಡರ ಸರಾಸರಿಯೇ ದಾಖಲೆ. ಈ ‘ಸರಾಸರಿ’ಯಲ್ಲೇ ಒಂದು ಕಥೆಯಿದೆ. ಅದು ಆಮೇಲೆ.

ಶತ್ರು ಒಬ್ಬನೇ, ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಲು ಎಂಜಿನ್ ಕೊಡಬೇಕಾದ ಶಕ್ತಿ ಎಂಟು ಪಟ್ಟು. ಮೇಲೆ ಹೇಳಿದ ಸ್ಕೌಟ್ ಬಂಡಿಯ ವೇಗವನ್ನು 55 ಮೈಲಿಯಿಂದ 183ಕ್ಕೆ ಏರಿಸಬೇಕಾದರೆ, ಬಂಡಿಯ ಆಕಾರ ಹಾಗೇ ಇದ್ದ ಪಕ್ಷದಲ್ಲಿ, ಸುಮಾರು 37 ಪಟ್ಟು ಶಕ್ತಿ ಬೇಕು. ಅಂಥ ಎಂಜಿನು ಸಾಧ್ಯವಿಲ್ಲ. ಹಾಗಾಗಿ ಶಕ್ತಿಯನ್ನು ಹೆಚ್ಚಿಸುವುದರ ಜತೆಗೆ ಬಂಡಿಯನ್ನು ಮೀನಿನಂತೆ ನುಣುಪಾದ ಕವಚದೊಳಗೆ ಅಡಗಿಸಬೇಕು. ಸವಾರ ಅದರ ಮೇಲೆ ಅಂಗಾತವೋ ಬೋರಲೋ ಮಲಗಿ ಗಾಳಿಗೆ ಸಿಗದಂತೆ ತಪ್ಪಿಸಿಕೊಳ್ಳಬೇಕು. ಉಪ್ಪಿಗೂ ಅದರದೇ ಗುಣದೋಷಗಳಿವೆ. ತೇವ ಇರುವುದರಿಂದ ಟೈರು ಬಿಸಿಯಾಗಿ ಸಿಡಿಯುವುದು ಕಡಿಮೆ. ಆದರೆ ಹಿಡಿತವೂ ಕಡಿಮೆ, ಚಕ್ರ ಸುತ್ತಿದಷ್ಟು ಬಂಡಿ ಮುಂದೆ ಹೋಗುವುದಿಲ್ಲ. ಬಯಲು ಸಮುದ್ರಮಟ್ಟದಿಂದ 4,200 ಅಡಿ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ತಡೆ ಕಡಿಮೆ ನಿಜ, ಎಂಜಿನ್ನಿಗೆ ಸಿಗುವ ಉಸಿರೂ ಕಡಿಮೆಯೇ.

ಗಾಳಿಯನ್ನು ತಪ್ಪಿಸಿಕೊಳ್ಳಲು ಮನುಷ್ಯ ಎಲ್ಲಿಯವರೆಗೆ ಹೋಗಬಲ್ಲ ಎಂಬುದಕ್ಕೆ ರೋಲಿ ಫ್ರೀ ಸಾಕ್ಷಿ. 1948ರ ಸೆಪ್ಟೆಂಬರ್ 13ರ ಬೆಳಿಗ್ಗೆ ಬ್ರಿಟನ್ನಿನ ವಿನ್ಸೆಂಟ್ ಮೋಟಾರ್‌ಸೈಕಲ್ ಹತ್ತಿ ಬಾನ್‌ವಿಲ್‌ನಲ್ಲಿ ಆತ ಓಡಿದಾಗ 150 ಮೈಲಿಗೆ ಸ್ವಲ್ಪವೇ ಕೊರತೆಯಾಯಿತು. ಚರ್ಮದ ಅಂಗಿ ಗಾಳಿಗೆ ಉಬ್ಬಿ ಹರಿದಿತ್ತು. ಅಂಗಿಯೇ ತೊಡಕೆಂದು ಬಗೆದ ಫ್ರೀ ಎಲ್ಲವನ್ನೂ ಕಳಚಿ, ಈಜುವ ಚಡ್ಡಿ ತೊಟ್ಟು, ತಲೆಗೆ ಈಜುಟೋಪಿ ಬಿಗಿದು, ಕಾಲುಗಳನ್ನು ಹಿಂದಕ್ಕೆ ಚಾಚಿ ಬಂಡಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿಬಿಟ್ಟ. 150.313 ಮೈಲಿ! ಬಿದ್ದಿದ್ದರೆ ಉಪ್ಪು ಮೈಯ ಚರ್ಮವನ್ನು ಉಜ್ಜಿ ತೆಗೆಯುತ್ತಿತ್ತು. ಪಕ್ಕದಲ್ಲಿ ಓಡುತ್ತಿದ್ದ ಕಾರಿನಿಂದ ತೆಗೆದ ಆ ಛಾಯಾಚಿತ್ರ ಮೋಟಾರ್‌ಸೈಕಲ್ ಚರಿತ್ರೆಯಲ್ಲೇ ಅತಿ ಪ್ರಸಿದ್ಧ. ಇದೇ ಫ್ರೀ ಮುಂದೆ ಮನ್ರೋನ ಗೆಳೆಯನಾದ. ಚಿತ್ರದಲ್ಲಿಯೂ ಆತನ ಪಾತ್ರವಿದೆ.

ಈಗ ಮನ್ರೋನ ಕಡೆಗೆ. ಹರ್ಬರ್ಟ್ ಜೇಮ್ಸ್ ಮನ್ರೋ ಹುಟ್ಟಿದ್ದು 1899ರ ಮಾರ್ಚ್ 25ರಂದು. ಊರು ಇನ್ವರ್‌ಕಾರ್ಗಿಲ್. (ನಮ್ಮ ಕಾರ್ಗಿಲ್‌ಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ನೆಲೆಸಿದ ಸ್ಕಾಟ್ಲೆಂಡಿನವರ ಮುಖಂಡ ವಿಲಿಯಂ ಕಾರ್ಗಿಲ್‌ನ ಹೆಸರು ಅದು.) ರೈತರ ಮನೆಯ ಹುಡುಗ. ಇಪ್ಪತ್ತರ ಆಸುಪಾಸಿನಲ್ಲಿ ಹೊಚ್ಚ ಹೊಸ ಇಂಡಿಯನ್ ಸ್ಕೌಟ್ ಒಂದನ್ನು ಕೊಂಡ. ಆಮೇಲೆ ಮೋಟಾರ್‌ಸೈಕಲ್ ಮಾರುವ, ರಿಪೇರಿ ಮಾಡುವ ಕೆಲಸ ಹಿಡಿದ. ಹಗಲೆಲ್ಲ ಊರವರ ಬಂಡಿ, ರಾತ್ರಿಯೆಲ್ಲ ತನ್ನ ಬಂಡಿ. 1926ರಲ್ಲಿ ಸ್ಕೌಟನ್ನು ಬಿಚ್ಚಿ ಸುಧಾರಿಸತೊಡಗಿದವನು ಮುಂದಿನ ನಲವತ್ತು ವರ್ಷ ಅದನ್ನು ಬಿಚ್ಚುತ್ತಲೇ ಇದ್ದ.

ಆತನ ಶೆಡ್ಡಿನ ವಿವರಗಳು ನಂಬಲು ಕಷ್ಟವಾದರೂ ನಿಜ. ಹೊಸ ಬಿಡಿಭಾಗ ಕೊಳ್ಳಲು ಹಣವಿಲ್ಲ. ಕೊಂಡರೂ ಆತ ಬಯಸಿದಂಥದ್ದು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಆದ್ದರಿಂದ ಪಿಸ್ಟನ್‌ಗಳನ್ನು ತಾನೇ ಎರಕ ಹೊಯ್ದ. ಅಚ್ಚಿಗೆ ಹಳೆಯ ತಗಡಿನ ಡಬ್ಬಿ. ಸಿಲಿಂಡರಿಗೆ ಎರಕದ ಕಬ್ಬಿಣದ ಹಳೆಯ ಗ್ಯಾಸ್ ಪೈಪು. ಕನೆಕ್ಟಿಂಗ್ ರಾಡಿಗೆ ಟ್ರ್ಯಾಕ್ಟರಿನ ಅಚ್ಚಿನ ಉಕ್ಕು. ಅದನ್ನು ಕೈಯಿಂದಲೇ ಅರದಲ್ಲಿ ಉಜ್ಜಿ, ಕೊರೆದು, ಕಾಯಿಸಿ ಗಟ್ಟಿಮಾಡಿದ. ಸೂಕ್ಷ್ಮ ಅಳತೆಗೆ ಮೈಕ್ರೋಮೀಟರ್ ಬೇಕಲ್ಲ? ಸೈಕಲ್ ಚಕ್ರದ ಹಳೆಯ ಕಡ್ಡಿಯೇ ಮೈಕ್ರೋಮೀಟರು. ಪಕ್ಕದಲ್ಲಿ ತೆರೆಯುತ್ತಿದ್ದ ವಾಲ್ವುಗಳನ್ನು ತೆಗೆದು ತಲೆಯ ಮೇಲೆ ಕೂರಿಸಿದ. ಎರಡು ಕ್ಯಾಮ್ ಇದ್ದಲ್ಲಿ ನಾಲ್ಕು ಮಾಡಿದ. ಫ್ಲೈವೀಲ್, ಎಣ್ಣೆ ಹರಿಯುವ ವ್ಯವಸ್ಥೆ ಎಲ್ಲವೂ ಕೈಗೆಲಸವೇ. 600 ಸಿ.ಸಿ. ಎಂಜಿನು ಕೊನೆಗೆ 950ಕ್ಕೆ ಬೆಳೆಯಿತು.

ಹೀಗೆ ಮಾಡಿದ್ದೆಲ್ಲ ಬಾಳಿಕೆ ಬರುತ್ತಿರಲಿಲ್ಲ. ಪಿಸ್ಟನ್ ಕರಗುತ್ತಿತ್ತು, ರಾಡು ಮುರಿದು ಎಂಜಿನಿನ ಹೊಟ್ಟೆ ಸೀಳುತ್ತಿತ್ತು. ಮುರಿದದ್ದನ್ನೆಲ್ಲ ಮನ್ರೋ ಎಸೆಯದೆ ಶೆಡ್ಡಿನ ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ಅರ್ಪಣೆ ಎಂದು ಬರೆದಿಟ್ಟ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟು ಬಂಡಿ ಹರಿಸುವ ನಮ್ಮವರಿಗೆ ಇದು ಹೊಸದೇನೂ ಅನ್ನಿಸಲಾರದು. ವ್ಯತ್ಯಾಸವಿಷ್ಟೇ, ಆತನ ಹರಕೆ ವರ್ಷವಿಡೀ ಸಲ್ಲುತ್ತಿತ್ತು.

ಹರಕೆ ಪಿಸ್ಟನ್‌ಗಳಿಗೆ ಮಾತ್ರ ನಿಲ್ಲಲಿಲ್ಲ ಎಂಬುದನ್ನು ಚಿತ್ರ ಹೇಳುವುದಿಲ್ಲ. ತೆರೆಯ ಮೇಲಿನ ಮನ್ರೋಗೆ ಸಂಸಾರವೇ ಕಾಣುವುದಿಲ್ಲ. ಪಕ್ಕದ ಮನೆಯ ಪುಟ್ಟ ಹುಡುಗನೇ ಆತನ ಸಂಗಾತಿ. ನಿಜವಾದ ಮನ್ರೋಗೆ 1927ರಲ್ಲಿ ಮದುವೆಯಾಗಿತ್ತು, ನಾಲ್ಕು ಮಕ್ಕಳಿದ್ದರು. 1947ರಲ್ಲಿ ದಂಪತಿ ಬೇರೆಯಾದರು. ನೌಕರಿಯನ್ನೂ ಬಿಟ್ಟ ಆತ ಆಮೇಲೆ ಬಂಡಿಯ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡ. ಈ ಭಾಗವನ್ನು ಕೈಬಿಟ್ಟದ್ದರಿಂದ ಚಿತ್ರ ಹಗುರವಾಯಿತು, ಪ್ರೇಕ್ಷಕ ಮುದುಕನನ್ನು ನಿರಾತಂಕವಾಗಿ ಪ್ರೀತಿಸುವಂತಾಯಿತು. ಆದರೆ ಆ ಶೆಡ್ಡಿನ ಒಂಟಿತನಕ್ಕೆ ಕಾರಣವೂ ಅದರೊಂದಿಗೇ ಮರೆಯಾಯಿತು.

ಊರ ಪಕ್ಕದ ಒರೇಟಿ ಎಂಬ ಸಮುದ್ರತೀರ ಮನ್ರೋನ ಪ್ರಯೋಗಶಾಲೆ. 1957ರಲ್ಲಿ ಗಂಟೆಗೆ 131 ಮೈಲಿ ಓಡಿಸಿ ನ್ಯೂಜಿಲೆಂಡ್‌ನ ತೀರದ ದಾಖಲೆ ಮಾಡಿದಾಗ ಆತನಿಗೆ 57 ವರ್ಷ. ಮರಳು ಇದಕ್ಕಿಂತ ಹೆಚ್ಚು ಕೊಡದು. ಉಪ್ಪಿಗೇ ಹೋಗಬೇಕು. ಉಪ್ಪು ಇದ್ದದ್ದು ಶಾಂತಸಾಗರದ ಆಚೆ ದಡದಲ್ಲಿ.

ಸಿನಿಮಾದಲ್ಲಿ ಮನ್ರೋ ಬಾನ್‌ವಿಲ್‌ಗೆ ಹೋಗುವುದು ಒಮ್ಮೆ. ಸರಕು ಹಡಗಿನಲ್ಲಿ ಅಡುಗೆ ಮಾಡುತ್ತ ಲಾಸ್ ಏಂಜಲೀಸ್ ತಲುಪಿ, ಅಗ್ಗದ ಹಳೆಯ ಕಾರು ಕೊಂಡು, ಬಂಡಿಯನ್ನು ಅದಕ್ಕೆ ಕಟ್ಟಿಕೊಂಡು ಮರುಭೂಮಿ ದಾಟುತ್ತಾನೆ. ದಾರಿಯಲ್ಲಿ ಆತನಿಗೆ ಔಷಧಿ ಕೊಟ್ಟು ಉಪಚರಿಸುವವನು ಅಮೆರಿಕದ ಮೂಲನಿವಾಸಿ. ‘ಇಂಡಿಯನ್’ ಎಂಬ ಹೆಸರಿನ ಶ್ಲೇಷೆ ಅಲ್ಲಿಗೆ ಇನ್ನೊಂದು ಸುತ್ತು ಸುತ್ತುತ್ತದೆ. ಬಾನ್‌ವಿಲ್ ತಲುಪಿದರೆ, ಮೊದಲೇ ಹೆಸರು ನೋಂದಾಯಿಸಿಲ್ಲ, ಬಂಡಿಗೆ ತಕ್ಕ ಬ್ರೇಕಿಲ್ಲ, ಪ್ಯಾರಾಚೂಟಿಲ್ಲ ಎಂದು ಅಧಿಕಾರಿಗಳು ತಡೆಯುತ್ತಾರೆ. ಅಜ್ಜನ ಹಟಕ್ಕೆ ಸೋತು ಒಪ್ಪುತ್ತಾರೆ. ಕೊನೆಗೆ 200 ಮೈಲಿ ದಾಟಿ, ಸುಟ್ಟ ಕಾಲಿನೊಂದಿಗೆ ಉಪ್ಪಿನ ಮೇಲೆ ಉರುಳಿಬಿದ್ದು ನಗುತ್ತಾನೆ.

ನಿಜದ ಮನ್ರೋ ಬಾನ್‌ವಿಲ್‌ಗೆ ಹೋದದ್ದು ಒಂದಲ್ಲ, ಹತ್ತು ಸಲ. ಮೊದಲ ಸಲ ಬರೀ ನೋಡಿ ಬರಲು. ಉಳಿದ ಒಂಬತ್ತು ಸಲ ಓಡಿದ್ದರಲ್ಲಿ ದಾಖಲೆ ದಕ್ಕಿದ್ದು ಮೂರು ವರ್ಷ ಮಾತ್ರ. 1962ರಲ್ಲಿ 883 ಸಿ.ಸಿ. ವರ್ಗದಲ್ಲಿ 178.95 ಮೈಲಿ. 1966ರಲ್ಲಿ 1000 ಸಿ.ಸಿ. ವರ್ಗದಲ್ಲಿ 168.07. ದೊಡ್ಡ ಎಂಜಿನಿನಲ್ಲಿ ಕಡಿಮೆ ವೇಗವೇ ಎಂದು ಹುಬ್ಬೇರಿಸಬೇಕಿಲ್ಲ. ಇಲ್ಲಿ ದಾಖಲೆಗಳು ವರ್ಗಕ್ಕೊಂದು, ಆ ವರ್ಗದಲ್ಲಿ ಅಂದು ಅಷ್ಟು ಸಾಕಾಗಿತ್ತು. 1967ರಲ್ಲಿ ಅದೇ ವರ್ಗದಲ್ಲಿ 183.59. ಅರ್ಹತೆಗಾಗಿ ಒಂದೇ ದಿಕ್ಕಿನಲ್ಲಿ ಓಡಿದಾಗ 190.07, ಅಂದರೆ 305 ಕಿಲೋಮೀಟರಿಗೂ ಹೆಚ್ಚು. ದಾಖಲೆ ಪತ್ರಗಳ ಪ್ರಕಾರ ಇಂಡಿಯನ್ ಬಂಡಿಯೊಂದು ಅಧಿಕೃತವಾಗಿ ಅಷ್ಟು ವೇಗವಾಗಿ ಓಡಿದ್ದು ಅದೇ ಮೊದಲು. ಸವಾರನಿಗೆ 68 ವರ್ಷ, ಬಂಡಿಗೆ 47.

ಅಂದರೆ ಸಿನಿಮಾದ ‘200 ಮೈಲಿ’ ಸಿನಿಮಾದ್ದೇ. ಅಧಿಕೃತ ಪುಸ್ತಕದಲ್ಲಿ ಅದಿಲ್ಲ. ಹತ್ತು ಪಯಣಗಳನ್ನು ಒಂದಾಗಿ ಹೆಣೆದದ್ದು ಕಥೆಗಾರನ ಸ್ವಾತಂತ್ರ್ಯ ಎಂದು ಒಪ್ಪಬಹುದು. ಆದರೆ ಅಂಕಿಯನ್ನೂ ಹಿಗ್ಗಿಸಬೇಕಿತ್ತೆ? ನಲವತ್ತು ವರ್ಷ ಒಂದೊಂದು ಮೈಲಿಗಾಗಿ ಅರ ಹಿಡಿದು ಉಜ್ಜಿದವನ ಕಥೆಯಲ್ಲಿ 190 ಎಂಬ ನಿಜವಾದ ಸಂಖ್ಯೆಗೆ 200ಕ್ಕಿಂತ ಹೆಚ್ಚು ತೂಕವಿತ್ತು. ಹತ್ತು ಸಲ ಹೋದವನ ಛಲಕ್ಕೂ ಹಾಗೆಯೇ. ಒಮ್ಮೆ ಹೋಗಿ ಗೆದ್ದು ಬರುವುದು ಅದೃಷ್ಟವೂ ಇರಬಹುದು. ಎಂಜಿನು ಒಡೆದು ಬರಿಗೈಯಲ್ಲಿ ಮರಳಿ, ಮತ್ತೆ ಚಳಿಗಾಲವೆಲ್ಲ ದುಡಿದು, ಮತ್ತೆ ಆರೇಳು ಸಾವಿರ ಮೈಲಿ ದಾಟಿ ಹೋಗುವುದು ಬೇರೆಯದೇ ಮಾತು.

ಚಿತ್ರದ ಅಪಾಯದ ದೃಶ್ಯಗಳಲ್ಲಿ ಮಾತ್ರ ಉತ್ಪ್ರೇಕ್ಷೆ ಕಡಿಮೆ. ಕವಚದ ಆಕಾರ ಸರಿಯಿಲ್ಲದೆ ವೇಗ ಹೆಚ್ಚಿದಂತೆ ಬಂಡಿ ಹಾವಿನಂತೆ ತೊನೆಯುತ್ತಿತ್ತು. 1967ರ ಓಟವೊಂದರಲ್ಲಿ ಹೀಗೆ ತೊನೆದಾಗ, ಆತನೇ ಹೇಳಿಕೊಂಡಂತೆ, ಗಾಳಿಗೆ ಎದೆಯೊಡ್ಡಿದರೆ ವೇಗ ತಗ್ಗೀತೆಂದು ಎದ್ದು ಕುಳಿತ. ಗಾಳಿ ಕನ್ನಡಕವನ್ನು ಕಿತ್ತೊಯ್ದಿತು. ಕಣ್ಣು ಕಾಣದೆ ಹೋದಾಗ ಬಂಡಿಯನ್ನು ಉಪ್ಪಿನ ಮೇಲೆ ಮಲಗಿಸದೆ ದಾರಿಯಿರಲಿಲ್ಲ. ಮೈ ತರಚಿದ್ದು ಬಿಟ್ಟರೆ ಬದುಕಿ ಬಂದ.

ನಿರ್ದೇಶಕ ರೋಜರ್ ಡೊನಾಲ್ಡ್‌ಸನ್‌ಗೆ ಮನ್ರೋನ ಪರಿಚಯ ಚೆನ್ನಾಗಿಯೇ ಇತ್ತು. ಮುದುಕ ಬದುಕಿದ್ದಾಗಲೇ, 1971ರಲ್ಲಿ, ಆತನನ್ನು ಕುರಿತು ‘ಆಫರಿಂಗ್ಸ್ ಟು ದಿ ಗಾಡ್ ಆಫ್ ಸ್ಪೀಡ್’ ಎಂಬ ಸಾಕ್ಷ್ಯಚಿತ್ರ ತೆಗೆದಿದ್ದ. ಹಲಗೆಯ ಮೇಲಿನ ಹರಕೆಯ ಬರಹವೇ ಅದರ ಹೆಸರು. ಕಥಾಚಿತ್ರ ಮಾಡಲೇಬೇಕೆಂಬ ಆಸೆ ಅಲ್ಲಿಂದಲೇ ಚಿಗುರಿದ್ದು. ಕೈಗೂಡಲು ಮೂರು ದಶಕವೇ ಹಿಡಿಯಿತು. ಒಂದು ಲೆಕ್ಕದಲ್ಲಿ ನಿರ್ದೇಶಕನೂ ಮನ್ರೋನ ಜಾತಿಗೇ ಸೇರಿದವನು. ‘ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಚಿತ್ರದಲ್ಲಿ ನರಭಕ್ಷಕ ವೈದ್ಯನಾಗಿ ಎದೆ ನಡುಗಿಸಿ ಆಸ್ಕರ್ ಗೆದ್ದಿದ್ದ ಆಂಟನಿ ಹಾಪ್ಕಿನ್ಸ್ ಇಲ್ಲಿ ಮನ್ರೋ ಪಾತ್ರಕ್ಕೆ ಬಂದ. ಪ್ರತಿ ಬೆಳಿಗ್ಗೆ ಅಂಗಳದ ನಿಂಬೆಗಿಡಕ್ಕೆ ತನ್ನದೇ ರೀತಿಯ ‘ಗೊಬ್ಬರ’ ಹಾಕಿ ನೆರೆಮನೆಯವರ ಬೈಗುಳ ತಿನ್ನುವ ಅಜ್ಜನಲ್ಲಿ ಆ ವೈದ್ಯನ ನೆರಳೂ ಸುಳಿಯುವುದಿಲ್ಲ. ವೇಗದ ಚಿತ್ರಗಳಲ್ಲಿ ಸಾಮಾನ್ಯವಾಗಿ ಇರುವ ಖಳನಾಯಕ ಇಲ್ಲಿಲ್ಲ. ಸಿಗುವವರೆಲ್ಲ ಒಳ್ಳೆಯವರೇ. ಇದು ಕೆಲವರಿಗೆ ಸಪ್ಪೆ ಎನಿಸಿದ್ದುಂಟು. ಉಪ್ಪಿನ ಬಯಲಿನ ಜಾತ್ರೆಯ ಸ್ವಭಾವ ಬಲ್ಲವರಿಗೆ ಅದು ಸಹಜ ಎನಿಸೀತು. ಅಲ್ಲಿ ಒಬ್ಬನ ಬಂಡಿ ಕೆಟ್ಟರೆ ಪಕ್ಕದ ಡೇರೆಯವನೇ ಬಿಡಿಭಾಗ ಕೊಡುತ್ತಾನೆ. ನ್ಯೂಜಿಲೆಂಡ್‌ನಲ್ಲಂತೂ ಚಿತ್ರ ಆ ಕಾಲಕ್ಕೆ ಸ್ವದೇಶಿ ಚಿತ್ರಗಳ ಗಳಿಕೆಯ ದಾಖಲೆಗಳನ್ನೆಲ್ಲ ಮುರಿಯಿತು.

ಮನ್ರೋ ತೀರಿಕೊಂಡದ್ದು 1978ರ ಜನವರಿ 6ರಂದು. ಆದರೆ ಆತನ ವೇಗ ಆಮೇಲೂ ಹೆಚ್ಚಿತು! 1967ರ ಓಟದ ಕಾಗದಗಳನ್ನು ನೋಡುತ್ತಿದ್ದ ಮಗ ಜಾನ್‌ಗೆ ಸರಾಸರಿಯ ಲೆಕ್ಕ ತಪ್ಪಿದೆ ಎಂಬುದು ಕಣ್ಣಿಗೆ ಬಿತ್ತು. ಅಮೆರಿಕದ ಮೋಟಾರ್‌ಸೈಕಲ್ ಸಂಘಕ್ಕೆ ತಿಳಿಸಿದ. ಸಂಘ ತಪ್ಪೊಪ್ಪಿಕೊಂಡು 2014ರಲ್ಲಿ ದಾಖಲೆಯನ್ನು 184.087 ಮೈಲಿ ಎಂದು ತಿದ್ದಿತು. ಹೆಚ್ಚಿದ್ದು ಅರ್ಧ ಮೈಲಿ. ಅಪ್ಪನ ಹರಕೆಯಲ್ಲಿ ಮನೆಯೊಡೆದು ಬೆಳೆದ ಮಗ, ಅಪ್ಪ ಸತ್ತ 36 ವರ್ಷಗಳ ಮೇಲೆ ಆತನಿಗೆ ಕೊಡಿಸಿದ ಅರ್ಧ ಮೈಲಿ. ಸಿನಿಮಾ ಬಂದು ಒಂಬತ್ತು ವರ್ಷ ಕಳೆದಿತ್ತು. ಇಲ್ಲದಿದ್ದರೆ ಇದಕ್ಕಿಂತ ಒಳ್ಳೆಯ ಕೊನೆಯ ದೃಶ್ಯ ಯಾವ ಚಿತ್ರಕಥೆಗಾರನಿಗೂ ಹೊಳೆಯುತ್ತಿರಲಿಲ್ಲ.

ಅದೇ 2014ರ ಆಗಸ್ಟ್‌ನಲ್ಲಿ ಬಾನ್‌ವಿಲ್‌ನ ಸ್ಪೀಡ್ ವೀಕ್ ನಡೆಯಲಿಲ್ಲ. ಮಳೆನೀರು ನಿಂತು ಬಯಲು ಕೆರೆಯಾಗಿತ್ತು. ಮಳೆಯ ಕಾಟ ಹಿಂದೆಯೂ ಇದ್ದದ್ದೇ. ಮರುವರ್ಷ 2015ರಲ್ಲಿಯೂ ರದ್ದಾದಾಗ ಮಾತ್ರ ಜನ ಗಾಬರಿಯಾದರು. ಈ ಸಲ ನೀರಿನ ಜತೆಗೆ ಉಪ್ಪಿನ ಕೊರತೆ. ಹಾಸು ತೆಳುವಾಗಿ ಅಡಿಯ ಕೆಸರು ಮೇಲೆ ಬಂದಿತ್ತು. 2022ರಲ್ಲಿ ಮತ್ತೆ ನೀರು, ಮತ್ತೆ ರದ್ದು. ಹಿಂದೆ 13 ಮೈಲಿ ಉದ್ದದ ದಾರಿ ಎಳೆಯುತ್ತಿದ್ದಲ್ಲಿ ಈಗ ಎಂಟು ಮೈಲಿ ಸಿಕ್ಕರೆ ಪುಣ್ಯ ಎನ್ನುತ್ತಾರೆ ಹಳೆಯ ಓಟಗಾರರು.

ಉಪ್ಪು ಎಲ್ಲಿಗೆ ಹೋಯಿತು? ಓಟಗಾರರು ಬೆರಳು ಮಾಡುವುದು ಪೊಟ್ಯಾಷ್ ಗಣಿಗಾರಿಕೆಯ ಕಡೆಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಿಂದ ಪೊಟ್ಯಾಷ್ ಬರುವುದು ನಿಂತಾಗ ವೆಂಡೋವರ್ ಬಳಿ ಈ ಉದ್ಯಮ ಆರಂಭವಾಯಿತು. ಬಯಲಿನ ಸುತ್ತ ಕಾಲುವೆ ತೋಡಿ ಲವಣದ ನೀರನ್ನು ಎಳೆದು, ಒಣಗಿಸಿ, ಗೊಬ್ಬರಕ್ಕೆ ಬೇಕಾದ ಪೊಟ್ಯಾಷನ್ನು ತೆಗೆಯುತ್ತಾರೆ. ಅದರೊಂದಿಗೆ ಅಡುಗೆ ಉಪ್ಪೂ ಹರಿದುಹೋಗುತ್ತದೆ. ಬಯಲು ಕೇಂದ್ರ ಸರ್ಕಾರದ್ದು. ಅದರ ಓಟದ ದಾರಿಯನ್ನು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ 1975ರಲ್ಲಿ ಸೇರಿಸಿದ್ದೂ, ಪಕ್ಕದಲ್ಲೇ ಗಣಿಗೆ ಗುತ್ತಿಗೆ ಕೊಟ್ಟದ್ದೂ ಅದೇ ಸರ್ಕಾರ. 1997ರಿಂದ ಐದು ವರ್ಷ ಗಣಿ ಕಂಪೆನಿಯೇ ಉಪ್ಪುನೀರನ್ನು ಬಯಲಿಗೆ ಮರಳಿ ಹರಿಸಿತು. ಅಂಥ ಕೆಲಸ ದೊಡ್ಡದಾಗಿ ನಡೆಯಬೇಕೆಂದು ಓಟಗಾರರ ಒತ್ತಾಯ. ಭೂವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಅಂತರ್ಜಲದ ಚಲನೆ, ಬದಲಾಗುತ್ತಿರುವ ಹವೆ, ಬಯಲನ್ನು ಸೀಳಿ ಹೋದ ಹೆದ್ದಾರಿ ಎಲ್ಲದರ ಪಾಲೂ ಇರಬಹುದೆನ್ನುತ್ತಾರೆ. ಇವರ ವಾದ ಮುಗಿಯುವವರೆಗೆ ಉಪ್ಪು ಕಾಯುತ್ತದೆಯೇ ಎಂಬುದೇ ಪ್ರಶ್ನೆ. ಕಾರುಗಳ ಅತ್ಯುನ್ನತ ದಾಖಲೆ ಬಾನ್‌ವಿಲ್‌ನಲ್ಲಿ ಕೊನೆಯ ಸಲ ಆದದ್ದು 1970ರಲ್ಲಿ. ಆಮೇಲೆ ಅಂಥ ಓಟಗಳು ನೆವಾಡಾದ ಇನ್ನೊಂದು ಮರುಭೂಮಿಗೆ ಹೋದವು. ಮೋಟಾರ್‌ಸೈಕಲ್‌ಗಳು ಮಾತ್ರ ಉಪ್ಪನ್ನು ಬಿಡಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ರಾಕಿ ರಾಬಿನ್‌ಸನ್ ಎಂಬಾತ ಎರಡು ಸುಜುಕಿ ಎಂಜಿನುಗಳನ್ನು ಜೋಡಿಸಿದ ಬಂಡಿಯಲ್ಲಿ ಗಂಟೆಗೆ 376 ಮೈಲಿ ಓಡಿಸಿದ್ದು ಇಲ್ಲೇ. ಉದ್ದನೆಯ ಕ್ಷಿಪಣಿಯಂತಿರುವ ಅದನ್ನು ಮೋಟಾರ್‌ಸೈಕಲ್ ಎಂದು ಗುರುತಿಸಲು ಚಕ್ರ ಎಣಿಸಬೇಕು.

ಅಂದ ಹಾಗೆ, ಹೆಸರಿನ ಗೊಂದಲದಿಂದ ಆರಂಭವಾದ ಈ ಕಥೆಗೆ ಭಾರತದ ನಂಟು ಪೂರ್ತಿ ಇಲ್ಲವೆಂದಲ್ಲ. ಇಂಡಿಯನ್ ಕಂಪೆನಿ 1953ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ, 1955ರಿಂದ ಕೆಲವು ವರ್ಷ ಬ್ರಿಟನ್ನಿನ ರಾಯಲ್ ಎನ್‌ಫೀಲ್ಡ್ ಬಂಡಿಗಳನ್ನೇ ‘ಇಂಡಿಯನ್’ ಹೆಸರಿನಲ್ಲಿ ಅಮೆರಿಕದಲ್ಲಿ ಮಾರಿದರು. ಅದೇ 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ನಮ್ಮ ರಸ್ತೆಗಳ ಬುಲೆಟ್ಟಿಗೆ ‘ಇಂಡಿಯನ್’ ಹೀಗೆ ದೂರದ ದಾಯಾದಿ. 2018ರ ಸ್ಪೀಡ್ ವೀಕ್‌ನಲ್ಲಿ ಕೇಲಾ ರಿವಾಸ್ ಎಂಬ 18 ವರ್ಷದ ಅಮೆರಿಕನ್ ಹುಡುಗಿ ರಾಯಲ್ ಎನ್‌ಫೀಲ್ಡ್ 650 ಹತ್ತಿ ಇದೇ ಉಪ್ಪಿನ ಮೇಲೆ 150 ಮೈಲಿ ವೇಗ ಮೀರಿದಳು. ಈಜುವ ಚಡ್ಡಿಯಲ್ಲಿ ಮಲಗಿ ರೋಲಿ ಫ್ರೀ ದಾಟಿದ ಗೆರೆಯೂ ಅದೇ 150. ಈ ಸಲ ಓಡಿದ್ದು ತಮಿಳುನಾಡಿನಲ್ಲಿ ತಯಾರಾದ ಬಂಡಿ.

ಮನ್ರೋನ ಸ್ಕೌಟ್ ಈಗ ಇನ್ವರ್‌ಕಾರ್ಗಿಲ್ ಪೇಟೆಯ ಹೇಯ್ಸ್ ಕುಟುಂಬದ ಅಂಗಡಿಯಲ್ಲಿದೆ. ಅಂಗಡಿಯವರ ಮನೆತನಕ್ಕೆ ಮನ್ರೋ ಗೆಳೆಯ. ಮೊಳೆ, ಸುತ್ತಿಗೆ, ಬಣ್ಣದ ಡಬ್ಬಿ, ತಗಡು ಮಾರುವ ಅಂಗಡಿ ಅದು. ದೂರದೂರದಿಂದ ಬಂದವರು ಗಾಜಿನ ಹಿಂದಿನ ಕೆಂಪು ಬಂಡಿಯನ್ನು ನೋಡುತ್ತಾರೆ. ಪಕ್ಕದಲ್ಲಿ ಊರಿನವರು ಎಂದಿನಂತೆ ಬೋಲ್ಟು ನಟ್ಟುಗಳನ್ನು ಆರಿಸಿಕೊಳ್ಳುತ್ತಿರುತ್ತಾರೆ.